ಚಿತ್ರ ನೇಯುವ ಹಲಗೆ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಳಗನ್ನಡ ಪಾಠ ಹೇಳಿದವನೊಬ್ಬ ಗ್ರಾಫಿಕ್ಸ್ ಕಾರ್ಡಿನ ವಿಚಾರ ಮಾತನಾಡಲು ಬಾನುಲಿಯ ಮುಂದೆ ಕುಳಿತಿದ್ದಾನೆಂದರೆ ಕೇಳುಗರಿಗೆ ನಗು ಬರುವುದು ಸಹಜವೇ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಈಗ ರೇಡಿಯೋ ಹಚ್ಚಿದ್ದರೆ, ಮೇಷ್ಟ್ರು ಕೇಶಿರಾಜನನ್ನು ಬಿಟ್ಟು ಯಾವಾಗ ಅಂಗಡಿ ಇಟ್ಟರು ಎಂದುಕೊಂಡಾರು. ಅಂಗಡಿ ಇಟ್ಟಿಲ್ಲ. ನನ್ನ ಮನೆಯ ಕಬ್ಬಿಣದ ಬೀರುವಿನಲ್ಲಿದ್ದ ಹತ್ತೊಂಬತ್ತು ಟೇಪುಗಳು ನನ್ನನ್ನು ಈ ವಿದ್ಯೆಯ ಬಾಗಿಲಿಗೆ ಎಳೆದು ತಂದವು.

ಆ ಟೇಪುಗಳ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. 2004ರಿಂದ 2007ರವರೆಗೆ, ರಜೆಯ ದಿನಗಳಲ್ಲಿ, ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಗೊಲ್ಲರಹಟ್ಟಿಗಳನ್ನೂ ಮ್ಯಾಸಬೇಡರ ಹಟ್ಟಿಗಳನ್ನೂ ಸುತ್ತಿ, ಎರವಲು ತಂದ ಕ್ಯಾಮೆರಾದಲ್ಲಿ ಅಲ್ಲಿನ ಹಾಡುಗಾರ್ತಿಯರನ್ನು ಚಿತ್ರೀಕರಿಸಿದ್ದೆ. ಈ ಸೀಮೆ ಮಳೆಗೆ ಬಡವಾದರೂ ಹಾಡಿಗೆ ಬಡವಲ್ಲ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯವರ ಕಂಠದಲ್ಲಿದ್ದ ಹಾಡಿನ ರಾಶಿಯನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದ ಸಂಗತಿಯನ್ನು ಕನ್ನಡದ ಓದುಗರು ಬಲ್ಲರು. ನನ್ನದು ಅದರ ಮುಂದೆ ಬೊಗಸೆಯಷ್ಟು. ಆದರೂ ನನ್ನ ಬೊಗಸೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಜುಂಜಪ್ಪನ ಕಥೆಯನ್ನು ಹಾಡಲು ಕುಳಿತರೆ ಕಂದೀಲಿನ ಎಣ್ಣೆ ತೀರುತ್ತಿತ್ತೇ ಹೊರತು ಅವಳ ಹಾಡು ತೀರುತ್ತಿರಲಿಲ್ಲ. 2011ರಲ್ಲಿ ಅವಳು ತೀರಿಕೊಂಡಳು. 2023ರ ಜನವರಿಯಲ್ಲಿ ಅವಳ ಮೊಮ್ಮಗ ನನ್ನ ಮನೆ ಹುಡುಕಿಕೊಂಡು ಬಂದ. "ಸಾರ್, ನಮ್ಮಜ್ಜಿ ಹಾಡಿದ್ದು ನಿಮ್ಮತ್ರ ಐತಂತೆ. ದೀಪಾವಳಿಗೆ ಹಟ್ಟೀಲಿ ತೋರಿಸ್ಬೇಕು. ನನ್ ಮಕ್ಳು ಆಯಮ್ಮನ್ನ ಕಂಡೇ ಇಲ್ಲ" ಎಂದ. ಆಗಲಿ ಎಂದೆ. ಹಾಗೆನ್ನುವಾಗ ನನಗೆ ಮುಂದಿನ ಕಷ್ಟದ ಅರಿವು ಎಳ್ಳಷ್ಟೂ ಇರಲಿಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಪತ್ತೆ ಮಾಡಿದಾಗ ಅದಕ್ಕೆ ಎರಡು ಸಾವಿರ ವರ್ಷ ದಾಟಿತ್ತು. ಅದನ್ನು ಬರೆದ ಚಪಡನೆಂಬವನು 'ಲಿಪಿಕಾರ' ಎಂಬ ಮಾತನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದುದನ್ನೂ ವಿದ್ವಾಂಸರು ಬಂಡೆಯ ಮೇಲಿಂದಲೇ ಓದಿದರು. ನನ್ನ ಟೇಪುಗಳಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಅಷ್ಟರಲ್ಲೇ ಅವನ್ನು ಓದುವ ಯಂತ್ರ ಅಂಗಡಿಗಳಲ್ಲಿ ಇಲ್ಲವಾಗಿತ್ತು.

ಜಿಲ್ಲೆಯ ಹೊರಗಿನ ಒಂದು ಪಟ್ಟಣದ ಅಂಗಡಿಗೆ ಹೋಗಿ ವಿಷಯ ತಿಳಿಸಿದೆ. ಅಂಗಡಿಯಾತ ನನ್ನ ಮಾತು ಮುಗಿಯುವ ಮೊದಲೇ, ವಿಡಿಯೋ ಸಂಕಲನಕ್ಕೆ ದೊಡ್ಡ ಗ್ರಾಫಿಕ್ಸ್ ಕಾರ್ಡು ಬೇಕೇ ಬೇಕು ಎಂದು ತೀರ್ಪು ಕೊಟ್ಟ. ನನ್ನ ಕಂಪ್ಯೂಟರಿಗೆ ಹನ್ನೆರಡು ಗಿಗಾಬೈಟಿನ ಕಾರ್ಡೊಂದನ್ನು ಜೋಡಿಸಿ, ಎರಡು ತಿಂಗಳ ಪಿಂಚಣಿಯಲ್ಲಿ ಉಳಿಸಿದ್ದನ್ನೆಲ್ಲ ಎಣಿಸಿಕೊಂಡ. ನಾನು ಯಾವ ಬಗೆಯ ಚಿತ್ರವನ್ನು ಸಂಕಲನ ಮಾಡಬೇಕಾಗಿದೆ ಎಂದು ಆತ ಕೇಳಲಿಲ್ಲ, ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ಇಲ್ಲಿಂದ ಮುಂದೆ ನನಗೆ ಗುರುವಾಗಿ ಸಿಕ್ಕವನು ಮೊಳಕಾಲ್ಮೂರಿನ ಒಬ್ಬ ನೇಕಾರರ ಮಗ. ಮದುವೆಯ ವಿಡಿಯೋ ಮಾಡಿ ಜೀವನ ಸಾಗಿಸುವ ಹುಡುಗ. ಒಂದು ಕಾಲಕ್ಕೆ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತವನು. ಈ ಕಾರ್ಡೆಂಬುದು ಮಾಡುವುದಾದರೂ ಏನು ಎಂದು ಕೇಳಿದೆ. ಅವನು ನನ್ನನ್ನು ನೇರವಾಗಿ ತಂದೆಯ ಗುಂಡಿಮಗ್ಗದ ಬಳಿಗೆ ಕರೆದೊಯ್ದ.

ಮೊಳಕಾಲ್ಮೂರು ರೇಷ್ಮೆಸೀರೆಯನ್ನು ಬಲ್ಲವರು ಬಹಳ, ಆದರೆ ಅದನ್ನು ನೇಯುವಾಗ ಕಂಡವರು ಕಡಮೆ. ಮಗ್ಗದ ಮೇಲುಗಡೆ ಜಕಾರ್ಡ್ ಪೆಟ್ಟಿಗೆಯಿದೆ. ಅದರಲ್ಲಿ ತೂತು ಹೊಡೆದ ರಟ್ಟಿನ ಪಟ್ಟಿಗಳ ಮಾಲೆ. ಕಾಲಿನಿಂದ ತುಳಿದೊಡನೆ ಒಂದು ಪಟ್ಟಿ ಎದುರಿಗೆ ಬರುತ್ತದೆ. ತೂತಿರುವ ಕಡೆಯ ಎಳೆಗಳು ಮೇಲೇಳುತ್ತವೆ, ಇಲ್ಲದ ಕಡೆಯವು ಕೆಳಗೇ ಉಳಿಯುತ್ತವೆ. ನಡುವೆ ಲಾಳಿ ಓಡುತ್ತದೆ. ಗಮನಿಸಬೇಕಾದ ಸಂಗತಿ ಇಷ್ಟೆ: ನೇಕಾರನು ಒಂದೊಂದೇ ಎಳೆಯನ್ನು ಬೆರಳಿನಿಂದ ಎತ್ತುತ್ತ ಕೂರುವುದಿಲ್ಲ. ಒಂದೇ ಅಪ್ಪಣೆಗೆ ನೂರಾರು ಎಳೆಗಳು ಏಕಕಾಲಕ್ಕೆ ತಂತಮ್ಮ ಕೆಲಸ ಮಾಡುತ್ತವೆ. "ಇಷ್ಟೇ ಸಾರ್ ಗ್ರಾಫಿಕ್ಸ್ ಕಾರ್ಡು" ಎಂದ ಹುಡುಗ.

ಹೋಲಿಕೆ ಬರಿಯ ಅಲಂಕಾರವಲ್ಲ. ಫ್ರಾನ್ಸಿನ ಜಕಾರ್ಡನು 1804ರ ಸುಮಾರಿಗೆ ರೂಪಿಸಿದ ಈ ತೂತಿನ ಪಟ್ಟಿಯಿಂದಲೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತನ್ನ ಲೆಕ್ಕದ ಯಂತ್ರಕ್ಕೆ ಅಪ್ಪಣೆ ಕೊಡುವ ಉಪಾಯವನ್ನು ಪಡೆದ. 1890ರ ಅಮೆರಿಕೆಯ ಜನಗಣತಿಯನ್ನು ಎಣಿಸಿದ್ದೂ ತೂತಿನ ಕಾರ್ಡುಗಳೇ. ಕಂಪ್ಯೂಟರಿನ ವಂಶಾವಳಿಯಲ್ಲಿ ಮಗ್ಗ ಮುತ್ತಜ್ಜನ ಸ್ಥಾನದಲ್ಲಿದೆ.

ಕಂಪ್ಯೂಟರಿನ ಮುಖ್ಯ ಪ್ರೊಸೆಸರು ಜಾಣನಾದ ಒಬ್ಬ ಹಿರಿಯ ನೇಕಾರನಂತೆ. ಎಂತಹ ತೊಡಕಿನ ಕೆಲಸವನ್ನಾದರೂ ಬಿಡಿಸಬಲ್ಲ; ಆದರೆ ಅವನಿಗಿರುವ ಕೈಗಳು ಆರೋ ಎಂಟೋ ಹದಿನಾರೋ. ನನಗೆ ಮಾರಿದ, 2021ರಲ್ಲಿ ಮಾರುಕಟ್ಟೆಗೆ ಬಂದ ಎನ್ವಿಡಿಯಾ ಆರ್‌ಟಿಎಕ್ಸ್ 3060 ಕಾರ್ಡಿನಲ್ಲಿ ಅಂತಹ ಪುಟ್ಟ ಕೈಗಳು 3584. ಒಂದೊಂದೂ ಅಷ್ಟೇನೂ ಜಾಣನಲ್ಲ, ಒಂದೇ ಬಗೆಯ ಸುಲಭದ ಲೆಕ್ಕವನ್ನು ಎಲ್ಲವೂ ಕೂಡಿ ಮಾಡುತ್ತವೆ. ಚಿತ್ರಕ್ಕೆ ಬೇಕಾದುದೂ ಅದೇ. ಇಂದಿನ ಫೋನುಗಳು ಹಿಡಿಯುವ 4ಕೆ ಚಿತ್ರದ ಒಂದು ಚೌಕಟ್ಟಿನಲ್ಲಿ ಅಡ್ಡ 3840, ಉದ್ದ 2160, ಒಟ್ಟು ಸುಮಾರು 83 ಲಕ್ಷ ಚುಕ್ಕಿಗಳು. ಸೆಕೆಂಡಿಗೆ 25 ಚೌಕಟ್ಟೆಂದರೆ 20 ಕೋಟಿ ಚುಕ್ಕಿಗಳಿಗೂ ಮೇಲಾಯಿತು. ಮುಖ ಕಪ್ಪಾಗಿ ಬಂದಿದೆ, ಸ್ವಲ್ಪ ಬೆಳಗಿಸು ಎಂದು ನಾವು ಹೇಳಿದರೆ ಅಷ್ಟೂ ಚುಕ್ಕಿಗೆ ಒಂದೇ ಗುಣಾಕಾರ. ಈ ಕೆಲಸವನ್ನು ಹಿರಿಯ ನೇಕಾರನ ಕೈಗೆ ಕೊಡುವುದು ಹಾಸಿನ ಎಳೆಗಳನ್ನು ಒಂದೊಂದಾಗಿ ಎತ್ತಿಸಿದಂತೆ.

ಕಾರ್ಡಿನೊಳಗಿನ ನೆನಪಿನ ಲೆಕ್ಕವೂ ಇಲ್ಲಿಂದಲೇ ಹುಟ್ಟುತ್ತದೆ. ಬಣ್ಣದ ಕೆಲಸವನ್ನು ನಯವಾಗಿ ಮಾಡುವ ತಂತ್ರಾಂಶಗಳು ಒಂದು ಚುಕ್ಕಿಗೆ ಹದಿನಾರು ಬೈಟುಗಳವರೆಗೂ ಜಾಗ ಹಿಡಿಯುತ್ತವೆ. ಆಗ 4ಕೆ ಚೌಕಟ್ಟೊಂದಕ್ಕೇ ಹದಿಮೂರು ಕೋಟಿ ಬೈಟು ಬೇಕು. ಎಂಟು ಗಿಗಾಬೈಟಿನ ಕಾರ್ಡಿನಲ್ಲಿ ಹಾಗೆ ಹರಡಿದ ಚೌಕಟ್ಟುಗಳು ಅರುವತ್ತರಷ್ಟು ಹಿಡಿಸಿದರೆ ಹೆಚ್ಚು. ಗದ್ದಲ ತೆಗೆಯುವ ಶೋಧಕಗಳು ಹಿಂದು ಮುಂದಿನ ಚೌಕಟ್ಟುಗಳನ್ನೂ ಕೂಡಿಯೇ ನೋಡುವುದರಿಂದ ಜಾಗ ಬಹುಬೇಗ ತುಂಬುತ್ತದೆ. ಹಾಗೆ ತುಂಬಿದಾಗ 'ಗ್ರಾಫಿಕ್ಸ್ ಮೆಮೊರಿ ತುಂಬಿದೆ' ಎಂಬ ದೂರು ಪರದೆಯ ಮೇಲೆ ಬರುತ್ತದೆ. ಆಗ ಹೊಸ ಕಾರ್ಡಿಗೆ ಓಡಬೇಕಾಗಿಲ್ಲ. ಕೆಲಸ ಮಾಡುವಾಗ ಚಿತ್ರದ ಅಳತೆಯನ್ನು ಅರ್ಧಕ್ಕಿಳಿಸಿಕೊಂಡು, ಕೊನೆಯಲ್ಲಿ ಮಾತ್ರ ಪೂರ್ಣ ಅಳತೆಗೆ ಏರಿಸಿದರೆ ಬಹುಮಟ್ಟಿಗೆ ಪಾರಾಗಬಹುದು.

ಇನ್ನು ಆಯ್ಕೆಯ ಮಾತು. ಕಾರ್ಡು ಕೊಳ್ಳುವ ಮುನ್ನ ಕಾರ್ಡನ್ನು ನೋಡಬಾರದು, ಕಡತವನ್ನು ನೋಡಬೇಕು. ಇದು ನನಗೆ ಹಣ ಕೊಟ್ಟ ಮೇಲೆ ತಿಳಿಯಿತು. ವಿಡಿಯೋ ಕಡತಗಳಲ್ಲಿ ಎರಡು ಬಗೆ. ಗ್ರಂಥಸಂಪಾದನೆಯ ಪಾಠ ಕೇಳಿದವರಿಗೆ ಇದು ಒಡನೆ ಹೊಳೆಯುತ್ತದೆ. ಒಂದು ಬಗೆಯಲ್ಲಿ ಪ್ರತಿಯೊಂದು ಓಲೆಗರಿಯಲ್ಲೂ ಪೂರ್ಣಪಾಠವಿದೆ. ಯಾವ ಗರಿಯನ್ನು ಎತ್ತಿದರೂ ಓದಬಹುದು. ಇನ್ನೊಂದು ಬಗೆಯಲ್ಲಿ ಮೂಲಪಾಠವಿರುವುದು ಒಂದೇ ಗರಿಯಲ್ಲಿ. ಮುಂದಿನ ಹತ್ತಾರು ಗರಿಗಳಲ್ಲಿ ಇರುವುದು ಪಾಠಾಂತರಗಳು ಮಾತ್ರ, ಇಲ್ಲಿ ಈ ಅಕ್ಷರ ಬದಲಾಯಿತು, ಅಲ್ಲಿ ಆ ಪದ ಸರಿಯಿತು ಎಂಬ ಅಡಿಟಿಪ್ಪಣಿ. ನಮ್ಮ ಫೋನುಗಳು ಬರೆಯುವ ಎಚ್.264, ಎಚ್.265 ಎಂಬ ಕಡತಗಳು ಈ ಎರಡನೆಯ ಜಾತಿಯವು. ಜಾಗ ಉಳಿಯುತ್ತದೆ, ಆದರೆ ನಡುವಿನ ಒಂದು ಚೌಕಟ್ಟು ಬೇಕಾದರೆ ಮೂಲದಿಂದ ಹಿಡಿದು ಟಿಪ್ಪಣಿಗಳನ್ನೆಲ್ಲ ಕೂಡಿಸಿ ಪಾಠವನ್ನು ಮತ್ತೆ ಕಟ್ಟಬೇಕು. ಸಂಕಲನ ಮಾಡುವಾಗ ಚಿತ್ರ ತಡವರಿಸುವುದಕ್ಕೆ ಮುಖ್ಯ ಕಾರಣ ಇದೇ.

ಈ ಮರುಕಟ್ಟುವ ಕೆಲಸಕ್ಕಾಗಿ ಕಾರ್ಡಿನಲ್ಲಿ ಪ್ರತ್ಯೇಕವಾದ ಒಂದು ಪುಟ್ಟ ವಿಭಾಗವಿದೆ. ಸಾವಿರಾರು ಕೈಗಳಿಗೂ ಇದಕ್ಕೂ ಸಂಬಂಧವಿಲ್ಲ. ಅದು ಕೆಲವು ಲಿಪಿಗಳನ್ನು ಮಾತ್ರ ಓದಬಲ್ಲದು. ಬಾರದ ಲಿಪಿಯನ್ನು ಕೊಟ್ಟರೆ ಎಷ್ಟು ದುಬಾರಿಯ ಕಾರ್ಡಾದರೂ ಕೈ ಕಟ್ಟಿ ಕೂರುತ್ತದೆ. ಇದಕ್ಕೆ ನಾನೇ ಸಾಕ್ಷಿ. 2019ರಲ್ಲಿ ಶಿಷ್ಯನೊಬ್ಬ ಒಳ್ಳೆಯ ಕ್ಯಾಮೆರಾದಲ್ಲಿ ಅದೇ ಹಟ್ಟಿಯ ಹಬ್ಬವನ್ನು ಹಿಡಿದುಕೊಟ್ಟಿದ್ದ. ಅದು ಹತ್ತು ಬಿಟ್, 4:2:2 ಎಂಬ ವರ್ಣವಿನ್ಯಾಸದ ಕಡತ. ಬಣ್ಣದ ವಿವರ ಅದರಲ್ಲಿ ಹೆಚ್ಚು. ನನ್ನ ಕಾರ್ಡಿನ ಓದುವ ವಿಭಾಗಕ್ಕೆ ಆ ಲಿಪಿ ಬಾರದು. ಎನ್ವಿಡಿಯಾದವರು ತಮ್ಮ ಸಾಮಾನ್ಯ ಕಾರ್ಡುಗಳಿಗೆ ಅದನ್ನು ಕಲಿಸಿದ್ದು 2025ರಲ್ಲಿ ಬಂದ 50ರ ಸರಣಿಯಲ್ಲಿ. ಸೋಜಿಗವೆಂದರೆ, ಇಂಟೆಲ್ ಕಂಪನಿಯ ಹನ್ನೊಂದನೆಯ ಪೀಳಿಗೆಯಿಂದೀಚಿನ ಪ್ರೊಸೆಸರುಗಳಲ್ಲಿ ಚಿತ್ರಘಟಕವಿರುವ ಮಾದರಿಗಳು, ಬೇರೆ ಕಾರ್ಡಿನ ಹಂಗಿಲ್ಲದೆಯೇ, 4:2:2ರ ಎಚ್.265 ಕಡತವನ್ನು ಸರಾಗವಾಗಿ ಓದುತ್ತವೆ. ಬೆಲೆಯನ್ನು ನೋಡಿ ಬಲವನ್ನು ಅಳೆಯಲು ಹೋದವನಿಗೆ ಇದು ಎಂದಿಗೂ ತಿಳಿಯದು.

ತಂತ್ರಾಂಶವನ್ನೂ ಕೇಳಬೇಕು. ಡಾವಿಂಚಿ ರಿಸಾಲ್ವ್ ಎಂಬುದು ಬಹುತೇಕ ಭಾರವನ್ನು ಕಾರ್ಡಿನ ಮೇಲೆಯೇ ಹೊರಿಸುತ್ತದೆ. ಕೆಡೆನ್‌ಲೈವ್, ಶಾಟ್‌ಕಟ್‌ಗಳಂತಹ ಮುಕ್ತ ತಂತ್ರಾಂಶಗಳು ಹೆಚ್ಚಾಗಿ ಪ್ರೊಸೆಸರನ್ನೇ ನೆಚ್ಚುತ್ತವೆ. ಎರಡನೆಯದನ್ನು ಬಳಸುವವನು ಮೊದಲನೆಯದಕ್ಕೆ ತಕ್ಕ ಕಾರ್ಡನ್ನು ಕೊಂಡರೆ ಗಾಣವಿಲ್ಲದ ಮನೆಗೆ ಎತ್ತು ತಂದಂತೆ. ಚಳ್ಳಕೆರೆಯ ಎಣ್ಣೆಗಿರಣಿಗಳ ನಡುವೆ ಬಾಳಿದವನಿಗೆ ಈ ಹೋಲಿಕೆ ತಾನಾಗಿ ಬರುತ್ತದೆ, ಕ್ಷಮಿಸಬೇಕು.

ಹಳೆಯ ಕಾರ್ಡು ಅಗ್ಗಕ್ಕೆ ಸಿಗುತ್ತದೆಂಬ ಆಸೆಯ ಬಗ್ಗೆ ಒಂದು ಮಾತು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ಗೂಢನಾಣ್ಯವನ್ನು ಕಾರ್ಡುಗಳಿಂದ ಗಣಿಗಾರಿಕೆ ಮಾಡುವ ಪದ್ಧತಿ ನಿಂತುಹೋಯಿತು. ಅದುವರೆಗೆ ಹಗಲಿರುಳು ದುಡಿದಿದ್ದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಎಲ್ಲವೂ ಕೆಟ್ಟವೆನ್ನಲಾಗದು. ಆದರೆ ಕಣ್ಣೆದುರಿಗೆ ಅರ್ಧ ಗಂಟೆ ಭಾರ ಹೊರಿಸಿ ನೋಡದೆ ಕೊಳ್ಳಬಾರದು.

ನನ್ನ ಸಂಕಟಕ್ಕೆ ಮರಳುತ್ತೇನೆ. ಕಾರ್ಡು ಬಂತು, ಕಂಪ್ಯೂಟರು ಹೊತ್ತಿಕೊಂಡಿತು, ಪತ್ರ ಬರೆಯುವುದೆಲ್ಲ ಸರಾಗ. ಆದರೆ ಸಂಕಲನ ಮಾಡಿದ ಚಿತ್ರವನ್ನು ಹೊರತೆಗೆಯಲು ಗುಂಡಿ ಒತ್ತಿದ ಎರಡು ಮೂರು ನಿಮಿಷಕ್ಕೆ ಯಂತ್ರ ತಟಕ್ಕನೆ ಆರಿಹೋಗುತ್ತಿತ್ತು. ದೋಷದ ಸೂಚನೆಯಿಲ್ಲ, ನೀಲಿ ಪರದೆಯಿಲ್ಲ, ದೀಪ ಊದಿದಂತೆ ಕತ್ತಲೆ. 2023ರ ಏಪ್ರಿಲ್ 2ರಂದು ಚಳ್ಳಕೆರೆಯ ಬಳಿಯ ಪರೀಕ್ಷಾ ಕ್ಷೇತ್ರದಲ್ಲಿ ಇಸ್ರೋದವರು ಹೆಲಿಕಾಪ್ಟರಿನಿಂದ ಕೆಳಗೆ ಬಿಟ್ಟ ರೆಕ್ಕೆಯ ವಾಹನವೊಂದು ಯಾರ ಕೈಯ ನೆರವೂ ಇಲ್ಲದೆ ಓಡುಹಾದಿಗೆ ತಾನಾಗಿ ಇಳಿಯಿತು. ಅದೇ ವಾರ ಅದೇ ತಾಲ್ಲೂಕಿನಲ್ಲಿ ನಾನು ಮೂರು ನಿಮಿಷದ ಹಾಡನ್ನು ಹೊರಗಿಳಿಸಲಾರದೆ ಕುಳಿತಿದ್ದೆ.

ಮೊಳಕಾಲ್ಮೂರಿನ ಹುಡುಗ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಎಸ್‌ಎಂಪಿಎಸ್ ಎಷ್ಟು ವ್ಯಾಟಿಂದು? ಅದ್ರ ಮೈಮೇಲೆ ಬರ್ದಿರ್ತಾರೆ ನೋಡ್ರಿ." ನೋಡಿದೆ, 350. ಈ ಕಾರ್ಡೊಂದೇ ಪೂರ್ಣ ದುಡಿಯುವಾಗ 170 ವ್ಯಾಟ್ ಉಣ್ಣುತ್ತದೆ. ಇಡೀ ಯಂತ್ರಕ್ಕೆ 550 ವ್ಯಾಟಿನ ಎಸ್‌ಎಂಪಿಎಸ್ ಬೇಕೆಂದು ತಯಾರಕರೇ ಹೇಳಿದ್ದಾರೆ. ಸುಮ್ಮನಿರುವಾಗ ಹಸಿವಿಲ್ಲದ್ದರಿಂದ ತೊಂದರೆ ಕಾಣಲಿಲ್ಲ; ದುಡಿಮೆಗೆ ಇಳಿದೊಡನೆ ಅನ್ನ ಸಾಲದೆ ಬಿತ್ತು. ಸೂಚನೆಯಿಲ್ಲದೆ ಭಾರದ ನಡುವೆ ಯಂತ್ರ ಆರಿತೆಂದರೆ ಮೊದಲು ಸಂಶಯಿಸಬೇಕಾದದ್ದು ವಿದ್ಯುತ್ತನ್ನು. ಮನೆಯ ಯುಪಿಎಸ್ಸನ್ನೂ ಮರೆಯಬಾರದು. 600 ವಿಎ ಎಂದು ಬರೆದ ಪೆಟ್ಟಿಗೆ ಸಾಧಾರಣವಾಗಿ ಕೊಡಬಲ್ಲದ್ದು 360 ವ್ಯಾಟ್ ಮಾತ್ರ, ಕರೆಂಟು ಹೋದ ಕ್ಷಣದಲ್ಲಿ ಅದೂ ಕೈಕೊಡುತ್ತದೆ.

ಎಸ್‌ಎಂಪಿಎಸ್ ಬದಲಾಯಿಸಿದ್ದಾಯಿತು. ಯಂತ್ರ ಆರುವುದು ನಿಂತಿತು, ಚಿತ್ರ ತಡವರಿಸುವುದು ನಿಲ್ಲಲಿಲ್ಲ. ಒಂದು ಭಾನುವಾರ ಹುಡುಗ ಬಸ್ಸು ಹತ್ತಿ ಚಳ್ಳಕೆರೆಗೇ ಬಂದ. ಕಾಫಿ ಲೋಟವನ್ನು ಕೈಯಲ್ಲಿ ಹಿಡಿದೇ ಕಂಪ್ಯೂಟರಿನ ಬೆನ್ನ ಕಡೆಗೆ ಬಗ್ಗಿ ನೋಡಿ, ನಗತೊಡಗಿದ. "ಸಾರ್, ಕಾರ್ಡು ಸುಮ್ನೆ ಕೂತೈತೆ." ಪರದೆಯ ತಂತಿಯನ್ನು ಕಾರ್ಡಿನ ಕಿಂಡಿಗೆ ಸಿಕ್ಕಿಸುವ ಬದಲು ಮದರ್‌ಬೋರ್ಡಿನ ಹಳೆಯ ಕಿಂಡಿಗೇ ಸಿಕ್ಕಿಸಲಾಗಿತ್ತು. ಪ್ರೊಸೆಸರಿನೊಳಗಿನ ಚಿಕ್ಕ ಚಿತ್ರಘಟಕ ಪರದೆಯನ್ನು ಬೆಳಗಿಸುತ್ತಿದ್ದುದರಿಂದ ನನಗೆ ಅನುಮಾನವೇ ಬಂದಿರಲಿಲ್ಲ. ತಂತಿಯನ್ನು ಕೆಳಗಿನ ಕಿಂಡಿಗೆ ಹಾಕಿದ. ಸಂಕಲನದ ತಂತ್ರಾಂಶದಲ್ಲಿ ಯಾವ ಕಾರ್ಡನ್ನು ಬಳಸಬೇಕೆಂಬಲ್ಲಿ ಹೆಸರನ್ನು ಆರಿಸಿದ. ಹಳೆಯ ಡ್ರೈವರನ್ನು ಬೇರು ಸಹಿತ ಕಿತ್ತು ಹೊಸದನ್ನು ಹಾಕಿದ. ಡ್ರೈವರೆಂದರೆ ಯಂತ್ರಕ್ಕೂ ಕಾರ್ಡಿಗೂ ನಡುವಣ ದುಭಾಷಿ. ಎನ್ವಿಡಿಯಾದವರು ಆಟಕ್ಕೆ ಒಂದು, ಚಿತ್ರದ ಕೆಲಸಕ್ಕೆ ಸ್ಟುಡಿಯೋ ಎಂಬ ಇನ್ನೊಂದು ದುಭಾಷಿಯನ್ನು ಕೊಡುತ್ತಾರೆ. ನಮ್ಮಂಥವರಿಗೆ ಎರಡನೆಯದೇ ಮೇಲು. ಇದ್ದಕ್ಕಿದ್ದಂತೆ ತೊಂದರೆ ಮೊದಲಾದರೆ ಹಿಂದಿನ ದಿನ ಡ್ರೈವರು ಹೊಸದಾಯಿತೇ ಎಂದು ಕೇಳಿಕೊಂಡು, ಆಗಿದ್ದರೆ ಹಿಂದಿನದಕ್ಕೇ ಮರಳುವುದು ಜಾಣತನ.

ಬೇಸಗೆಯಲ್ಲಿ ಇನ್ನೊಂದು ಕಾಟ. ಬೆಳಗ್ಗೆ ಚುರುಕಾಗಿದ್ದ ಯಂತ್ರ ಮಧ್ಯಾಹ್ನಕ್ಕೆ ಮಂಕಾಗುತ್ತಿತ್ತು. ಕಾರ್ಡಿನ ಬಿಸಿ ಎಂಬತ್ತು ಡಿಗ್ರಿಯ ಮೇಲೇರಿದಾಗ ತನ್ನನ್ನು ಕಾಪಾಡಿಕೊಳ್ಳಲು ಅದು ತಾನಾಗಿ ವೇಗ ತಗ್ಗಿಸುತ್ತದೆ. ನಮ್ಮ ಸೀಮೆಯ ಗಾಳಿ, ಧೂಳು, ಶೇಂಗಾ ಸುಗ್ಗಿಯ ಹೊಟ್ಟು ಇವನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಪೆಟ್ಟಿಗೆ ತೆರೆದಾಗ ಫ್ಯಾನಿನ ಹಿಂದೆ ಕಂಬಳಿಯ ತುಂಡಿನಂತಹ ಧೂಳಿನ ಪದರ. ಕರೆಂಟು ತೆಗೆದು, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು, ಬ್ಲೋವರಿನಿಂದ ಊದಬೇಕು. ಹಿಡಿಯದೆ ಊದಿದರೆ ಫ್ಯಾನು ಮಿತಿಮೀರಿ ತಿರುಗಿ ಕೆಡುವ ಭಯವಿದೆ. ಪರದೆಯ ಮೇಲೆ ಬಣ್ಣಬಣ್ಣದ ಚೌಕಗಳೂ ಗೆರೆಗಳೂ ಕುಣಿಯತೊಡಗಿದರೆ ಅದು ಧೂಳಿನ ಮಾತಲ್ಲ, ಕಾರ್ಡಿನ ನೆನಪೇ ಹಳಸಿರಬಹುದು. ಬೇರೊಂದು ಯಂತ್ರಕ್ಕೆ ಹಾಕಿ ನೋಡಿ, ಅಲ್ಲಿಯೂ ಕುಣಿದರೆ ವಾರಂಟಿ ಚೀಟಿಯನ್ನು ಹುಡುಕುವುದು.

ಇಷ್ಟೆಲ್ಲ ಆದ ಮೇಲೆ 2019ರ ಹಬ್ಬದ ಚಿತ್ರವನ್ನು ಹುಡುಗ ಬೇರೆ ಉಪಾಯದಿಂದ ಗೆದ್ದ. ಆ ದೊಡ್ಡ ಕಡತಗಳ ಒಂದೊಂದು ಚಿಕ್ಕ ನಕಲು ಮಾಡಿದ, ಪೂರ್ಣಪಾಠದ ಓಲೆಯ ಜಾತಿಯದು. ಕತ್ತರಿಸುವ ಜೋಡಿಸುವ ಕೆಲಸವೆಲ್ಲ ನಕಲಿನ ಮೇಲೆ, ಕೊನೆಗೆ ಹೊರತೆಗೆಯುವಾಗ ಮೂಲ ಬಂದು ಆ ಸ್ಥಾನದಲ್ಲಿ ಕೂರುತ್ತದೆ. ಪ್ರಾಕ್ಸಿ ಎನ್ನುತ್ತಾರೆ. ಹತ್ತು ವರ್ಷದ ಹಳೆಯ ಯಂತ್ರದಲ್ಲಿಯೂ ಈ ದಾರಿಯಿಂದ ಸಂಕಲನ ಸಾಧ್ಯ. ಫೋನಿನ ಚಿತ್ರಗಳಲ್ಲಿ ತುಟಿಗೂ ದನಿಗೂ ಹೊಂದದೆ ಹೋದದ್ದು ಇನ್ನೊಂದು ರೋಗ. ಫೋನು ಬೆಳಕಿಗೆ ತಕ್ಕಂತೆ ಸೆಕೆಂಡಿಗೆ ಒಮ್ಮೆ 30, ಒಮ್ಮೆ 27 ಎಂದು ಚೌಕಟ್ಟಿನ ಗತಿಯನ್ನು ಬದಲಿಸುತ್ತದೆ. ತಾಳ ತಪ್ಪಿದ ಮೇಳಕ್ಕೆ ಹಾಡುಗಾರ್ತಿ ಏನು ಮಾಡಿಯಾಳು? ಮೊದಲೇ ಸಮಗತಿಗೆ ಪರಿವರ್ತಿಸಿಕೊಂಡರೆ ತೀರಿತು. ಇದನ್ನು ಯಾವ ಕಾರ್ಡೂ ಗುಣಪಡಿಸದು.

ಅಜ್ಜಿಯ ಟೇಪುಗಳು ಇನ್ನೂ ಬೀರುವಿನಲ್ಲೇ ಇದ್ದವು. ಅವನ್ನು ಹುಡುಗನ ಮುಂದಿಟ್ಟಾಗ ಅವನು ಒಂದನ್ನು ತಿರುಗಿಸಿ ನೋಡಿ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ ಸಂಕೋಚದಿಂದ, "ಸಾರ್, ಇದುಕ್ಕೆ ಈ ಕಾರ್ಡು ಬೇಕಾಗಿರ್ಲಿಲ್ಲ" ಎಂದ.

ನಿಜವಾಗಿತ್ತು. ಅವು ಮಿನಿಡಿವಿ ಟೇಪುಗಳು. ಚೌಕಟ್ಟಿಗೆ ಅಡ್ಡ 720, ಉದ್ದ 576 ಚುಕ್ಕಿ. 4ಕೆ ಚಿತ್ರದ ಇಪ್ಪತ್ತರಲ್ಲಿ ಒಂದು ಪಾಲು. ಅಷ್ಟೇ ಅಲ್ಲ, ಪ್ರತಿಯೊಂದು ಚೌಕಟ್ಟೂ ಪೂರ್ಣಪಾಠ. ಗಂಟೆಗೆ 13 ಗಿಗಾಬೈಟು, ಹತ್ತೊಂಬತ್ತು ಗಂಟೆಗೆ 250ರೊಳಗೆ. ಸಾಮಾನ್ಯ ಕಂಪ್ಯೂಟರು ನಿದ್ದೆಗಣ್ಣಿನಲ್ಲಿಯೂ ಮಾಡಬಲ್ಲ ಕೆಲಸ. ಬೇಕಾಗಿದ್ದದ್ದು ಓಡುವ ಸ್ಥಿತಿಯಲ್ಲಿರುವ ಒಂದು ಹಳೆಯ ಕ್ಯಾಮೆರಾ, ಫೈರ್‌ವೈರ್ ಎಂಬ ಹಳೆಯ ಬಗೆಯ ಕಿಂಡಿಯ ಒಂದು ಪುಟ್ಟ ಹಲಗೆ, ಮತ್ತು ಮೂರು ಪ್ರತಿ ಇಡಲು ಎರಡು ಹಾರ್ಡ್‌ಡಿಸ್ಕು. ಫೈರ್‌ವೈರ್ ಹಲಗೆಯ ಬೆಲೆ ನನ್ನ ದೊಡ್ಡ ಕಾರ್ಡಿನ ಪೆಟ್ಟಿಗೆ ಕಟ್ಟಿದ ದಾರದಷ್ಟು ಎಂದರೆ ಉತ್ಪ್ರೇಕ್ಷೆಯಾದೀತು, ಆದರೆ ಬಹಳ ದೂರವೂ ಅಲ್ಲ. ದೊಡ್ಡ ಕಾರ್ಡಿನ ಹಣವನ್ನು ಕ್ಯಾಮೆರಾ ಹುಡುಕುವುದಕ್ಕೆ ಹಾಕಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು.

ಕ್ಯಾಮೆರಾವನ್ನು ಹುಡುಗನೇ ಮದುವೆ ವಿಡಿಯೋದವರ ಬಳಗದಲ್ಲಿ ಪತ್ತೆ ಮಾಡಿ ತಂದ. ಟೇಪನ್ನು ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ಪೂರ್ತಿ ಸುತ್ತಿ ಸಡಿಲಿಸಿ, ಆಮೇಲೆ ಓಡಿಸಿದೆವು. ಎರಡು ಟೇಪುಗಳಲ್ಲಿ ಫಂಗಸ್ಸು ಹಿಡಿದಿತ್ತು, ಅವನ್ನು ಕ್ಯಾಮೆರಾದೊಳಕ್ಕೆ ಹಾಕುವ ಧೈರ್ಯ ಮಾಡಲಿಲ್ಲ. ಹದಿನೇಳು ಬಂದವು. ಏಳನೆಯ ಟೇಪಿನಲ್ಲಿ ಅಜ್ಜಿ ಇದ್ದಳು. ಹತ್ತು ನಿಮಿಷದ ಹತ್ತಿರ ಚಿತ್ರ ಒಡೆದು ಚೌಕಚೌಕವಾಗಿ ಚದರಿತು, ದನಿ ಮಾತ್ರ ಒಂದೆರಡು ಕಡೆ ತುಂಡಾಗಿದ್ದುದನ್ನು ಬಿಟ್ಟರೆ ಹಾಗೆಯೇ ಇತ್ತು. ದೊಡ್ಡ ಕಾರ್ಡು ಕೊನೆಗೆ ಒಂದು ಉಪಕಾರ ಮಾಡಿತು: ಕಂದೀಲಿನ ಬೆಳಕಿನಲ್ಲಿ ಹಿಡಿದ ಮುಖದ ಮೇಲಿನ ಗದ್ದಲವನ್ನು ತೆಗೆಯುವ ಶೋಧಕವನ್ನು ಅದು ಬೇಗ ಓಡಿಸಿತು. ಮುಖ ಬೊಂಬೆಯಂತೆ ನುಣ್ಣಗಾಗುತ್ತಿದೆ ಎಂದು ನಾನೇ ಅರ್ಧಕ್ಕಿಂತ ಹೆಚ್ಚು ಕಡಮೆ ಮಾಡಿಸಿದೆ. ಅಜ್ಜಿಯ ಮುಖದಲ್ಲಿ ಸುಕ್ಕುಗಳಿದ್ದವು, ಅವು ಗದ್ದಲವಲ್ಲ.

2023ರ ದೀಪಾವಳಿಯ ರಾತ್ರಿ ಹಟ್ಟಿಯ ಗುಡಿಯ ಎದುರಿಗೆ ಬಿಳಿಯ ಪಂಚೆ ಕಟ್ಟಿ ತೋರಿಸಿದೆವು. ಮೊಮ್ಮಗನ ಕಿರಿಯ ಮಗಳು ಪಂಚೆಯ ಹಿಂದಕ್ಕೆ ಹೋಗಿ, ಅಲ್ಲಿ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಬಂದು ಕುಳಿತಳು. ಚಿತ್ರ ಒಡೆದ ಹತ್ತು ನಿಮಿಷ ಬಂದಾಗ ನಾನು ಮುಜುಗರದಿಂದ ಯಂತ್ರ ನಿಲ್ಲಿಸಲು ಹೋದೆ. ಮುಂದೆ ಕುಳಿತಿದ್ದ ವಯಸ್ಸಾದ ಹೆಂಗಸೊಬ್ಬಳು, "ಬಿಡಪ್ಪಾ, ಹಾಡು ನಡೀತೈತಲ್ಲ" ಎಂದಳು. ದನಿ ತುಂಡಾದ ಕಡೆಯಲ್ಲೆಲ್ಲ ಅವಳೇ ಸಾಲು ತುಂಬಿಕೊಡುತ್ತಿದ್ದಳು.